ಘಟ್ಟ ಹತ್ತದೆ ಸರ್ವಿಸ್ ಎಬ್ಬಿಸಿದ್ದು

ನಾನಿರುವುದು ಕುಮಟಾದಲ್ಲಿ, ನೋಡಿಕೊಳ್ಳುವ ಲಿನಕ್ಸ್ ಸರ್ವರ್ ಶಿರಸಿಯ ಒಂದು ಅಡಿಕೆ ಮಂಡಿಯಲ್ಲಿ. ನಡುವೆ ದೇವಿಮನೆ ಘಟ್ಟ. ರಾಶಿ, ಚಾಲಿ, ಬೆಟ್ಟೆಗಳ ದರ ತುಂಬುವ ಹೊತ್ತಿಗೇ ಸರ್ವರ್‌ನಲ್ಲಿ ಸದಾ ಓಡುತ್ತಿರಬೇಕಾದ ಬಿಲ್ ಪ್ರೋಗ್ರಾಂ, ಅಂದರೆ ಬಿಲ್ಲಿಂಗ್ ಸರ್ವಿಸ್, ಕೈಕೊಡುತ್ತಿತ್ತು. "ಮಾಣಿ, ಮತ್ತೆ ಕೂತುಬಿಟ್ಟಿತು ನೋಡು" ಎಂದು ಹಿರಿಯ ಗುಮಾಸ್ತರ ಫೋನು. ಮಳೆಗೆ ಇಂಟರ್ನೆಟ್ ಹೋಗಿದ್ದ ಒಂದು ದಿನ ಬೇರೆ ದಾರಿ ಕಾಣದೆ ಸರ್ವರ್‌ನಲ್ಲಿ ಎಲ್ಲ ಅಧಿಕಾರವೂ ಇರುವ ರೂಟ್ ಖಾತೆಯ ಪಾಸ್‌ವರ್ಡನ್ನೇ ಅವರಿಗೆ ಹೇಳಿದೆ. ಮುಂದಿನ ಸಲ ಹೋದಾಗ ಅದು ಗೋಡೆಯ ಕ್ಯಾಲೆಂಡರಿನಲ್ಲಿ, ಏಕಾದಶಿಯ ಪಕ್ಕದಲ್ಲಿ, ದುಂಡಗೆ ಬರೆದಿತ್ತು.

ಸರ್ವಿಸ್ ಸತ್ತರೆ, ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ನಡೆಸುವ ಸಿಸ್ಟಮ್‌ಡಿಯೇ ಎಬ್ಬಿಸುವಂತೆ ಮಾಡಬಹುದು. ಇದು ಸಾಯುತ್ತಿರಲಿಲ್ಲ, ಉಸಿರಾಡುತ್ತಲೇ ಮಾತು ನಿಲ್ಲಿಸುತ್ತಿತ್ತು. ಉತ್ತರ ಬರುತ್ತಿಲ್ಲವೆಂಬುದು ಗೊತ್ತಾಗುತ್ತಿದ್ದದ್ದು ಅಲ್ಲೇ ಕೂರಿಸಿದ್ದ, ಸರ್ವರ್ ಮೇಲೆ ಕಣ್ಣಿಡುವ ಜ್ಯಾಬಿಕ್ಸ್‌ಗೆ. ಹಾಗಾದರೆ ರಿಸ್ಟಾರ್ಟ್ ಕೂಡ ಅದೇ ಮಾಡಲಿ ಎಂದುಕೊಂಡೆ.

ಆದರೆ ಸರ್ವರ್‌ನಲ್ಲಿ ಅದರ ಕೆಲಸ ಮಾಡುವ ಏಜೆಂಟ್ ಓಡುವುದು ಜ್ಯಾಬಿಕ್ಸ್ ಎಂಬ ಬಡ ಬಳಕೆದಾರನ ಹೆಸರಿನಲ್ಲಿ. ರೂಟ್ ಅಧಿಕಾರದಲ್ಲಿ ಆದೇಶ ಓಡಿಸಿಕೊಡುವ ಸುಡೊ, ಪಾಸ್‌ವರ್ಡ್ ಕೇಳಿತು. ಕೊಡಲು ಟರ್ಮಿನಲ್ ಮುಂದೆ ಯಾರೂ ಇಲ್ಲ. ಏಜೆಂಟನ್ನೇ ರೂಟ್ ಆಗಿ ಓಡಿಸಬಹುದಿತ್ತು, ಅಥವಾ ಪಾಸ್‌ವರ್ಡ್ ಇಲ್ಲದೆ ಎಲ್ಲ ಆದೇಶಗಳಿಗೂ ಅನುಮತಿ ಕೊಡಬಹುದಿತ್ತು. ಎರಡೂ ಕ್ಯಾಲೆಂಡರಿನ ಬರಹಕ್ಕಿಂತ ಕೆಟ್ಟವು. ನಾನು ಕೊಟ್ಟದ್ದು ಒಂದೇ ಆದೇಶ: ಸಿಸ್ಟಮ್‌ಡಿಗೆ ಆದೇಶ ಕೊಡುವ ಸಿಸ್ಟಮ್‌ಸಿಟಿಎಲ್‌ನ ಪೂರ್ತಿ ಪಾತ್, ರಿಸ್ಟಾರ್ಟ್, ಆ ಸರ್ವಿಸ್‌ನ ಹೆಸರು. 'ಏನಿದ್ದರೂ ಸರಿ' ಎನ್ನುವ ನಕ್ಷತ್ರ ಚಿಹ್ನೆ ಎಲ್ಲೂ ಇಲ್ಲ. ಏಜೆಂಟ್‌ನಲ್ಲಿ ಮಾಮೂಲಾಗಿ ಮುಚ್ಚಿರುವ ದೂರ ಆದೇಶದ ಬಾಗಿಲನ್ನೂ ಅಷ್ಟಕ್ಕೇ ತೆರೆದೆ.

ಸುಡೊದ ಈ ನಿಯಮವನ್ನು, ತಪ್ಪಿದ್ದರೆ ಹೇಳುವ ವಿಸುಡೊದಲ್ಲೇ ಬರೆದಿದ್ದರಿಂದ ವ್ಯಾಕರಣ ಸರಿಯಿತ್ತು. ಆದರೂ ಸುಡೊ ಕೇಳಲೊಲ್ಲದು. ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ತಿಳಿಯಿತು, ಇಂಥ ನಿಯಮಗಳನ್ನಿಡುವ ಸುಡೋಅರ್ಸ್.ಡಿ ಫೋಲ್ಡರಿನಲ್ಲಿ ಹೆಸರಿನೊಳಗೆ ಚುಕ್ಕೆ ಇರುವ ಫೈಲನ್ನು ಸುಡೊ ಓದುವುದೇ ಇಲ್ಲ. ನಾನು ಅಭ್ಯಾಸಬಲದಿಂದ ಕೊನೆಗೆ '.ಕಾನ್ಫ್' ಅಂಟಿಸಿದ್ದೆ. ಅದನ್ನು ತೆಗೆದರೂ ಒಮ್ಮೆ ಮುಗ್ಗರಿಸಿತು: ನಿಯಮದಲ್ಲಿ '.ಸರ್ವಿಸ್' ಸಮೇತ ಹೆಸರು, ಜ್ಯಾಬಿಕ್ಸ್ ಕಳಿಸಿದ್ದು ಬರೀ ಹೆಸರು. ಸಿಸ್ಟಮ್‌ಸಿಟಿಎಲ್‌ಗೆ ಎರಡೂ ಒಂದೇ. ಸುಡೊಗೆ ಅಕ್ಷರಕ್ಕೆ ಅಕ್ಷರ ಕೂಡಬೇಕು. ಸುಡೊಗೆ '-ಎಲ್' ಕೊಟ್ಟು ಆ ಬಳಕೆದಾರನಿಗೆ ಏನೇನು ದಕ್ಕಿದೆಯೆಂದು ಮೊದಲೇ ನೋಡಿದ್ದರೆ ಇಷ್ಟು ಒದ್ದಾಟ ಇರುತ್ತಿರಲಿಲ್ಲ.

ಗುಮಾಸ್ತರಿಗೂ ಸ್ವಂತ ಖಾತೆ ಮಾಡಿ ಅದೇ ರಿಸ್ಟಾರ್ಟ್ ಕೊಟ್ಟೆ. ಜೊತೆಗೆ ಸರ್ವಿಸ್‌ನ ಸ್ಥಿತಿ ತೋರಿಸುವ ಸ್ಟೇಟಸ್ ಆದೇಶವನ್ನೂ ಕೊಡಲು ಹೊರಟವನು ತಡೆದೆ. ಸ್ಟೇಟಸ್ ಉದ್ದವಾದರೆ, ಅದನ್ನು ಪುಟಪುಟವಾಗಿ ತೋರಿಸುವ ಲೆಸ್ ತೆರೆದುಕೊಳ್ಳುತ್ತದೆ. ಸುಡೊ ಮೂಲಕ ತೆರೆದ ಲೆಸ್‌ನಲ್ಲಿ ಆಶ್ಚರ್ಯಸೂಚಕ ಒತ್ತಿ ಎಸ್‌ಎಚ್ ಎಂದರೆ ಸಿಗುವುದು ರೂಟ್ ಶೆಲ್, ಅಂದರೆ ರೂಟ್ ಆಗಿ ಬೇಕಾದ ಆದೇಶ ಕೊಡುವ ಜಾಗ. ಸಿಸ್ಟಮ್‌ಡಿ 247ಕ್ಕಿಂತ ಹಳೆಯ ಆವೃತ್ತಿಗಳಲ್ಲಿ ಈ ಕಿಂಡಿ ತೆರೆದೇ ಇತ್ತು, ನಮ್ಮದು ಹಳೆಯದೇ. ಅಷ್ಟಕ್ಕೂ ಸ್ಟೇಟಸ್ ನೋಡಲು ರೂಟ್ ಬೇಕಿಲ್ಲ. ಲಾಗ್ ಸಾಲುಗಳೂ ಕಾಣಲೆಂದು ಅವರನ್ನು ಜರ್ನಲ್ ಓದುವ ಗುಂಪಿಗೆ ಸೇರಿಸಿದೆ.

ರೂಟ್ ಪಾಸ್‌ವರ್ಡ್ ಬದಲಾಗಿದೆ. ಸರ್ವಿಸ್ ಈಗಲೂ ವಾರಕ್ಕೊಮ್ಮೆ ಕೂರುತ್ತದೆ, ತಾನೇ ಏಳುತ್ತದೆ, ನನಗೊಂದು ಸಂದೇಶ ಬರುತ್ತದೆ. ಡೇಟಾಬೇಸ್ ಸಂಪರ್ಕಗಳನ್ನು ತೆರೆದು ಮುಚ್ಚದೆ ಬಿಡುವುದೇ ಅದರ ಮೂಲ ರೋಗ ಎಂಬುದು ನನ್ನ ಗುಮಾನಿ. ಆ ಸಂದೇಶಗಳನ್ನೆಲ್ಲ ಒಟ್ಟುಮಾಡಿ ಪ್ರೋಗ್ರಾಂ ಬರೆದವರ ಬೆನ್ನು ಹತ್ತಿದ್ದೇನೆ.