ಮಿಡಿಸೌತೆ ಬಿಲ್ಲಿಗಾಗಿ ನಿರ್ಬಂಧದ ಪಟ್ಟಿ ಓದಿದ್ದು

ತುಮಕೂರು ಜಿಲ್ಲೆಯ ಒಂದು ಮಿಡಿಸೌತೆ ಕಾರ್ಖಾನೆಯಲ್ಲಿ ರಫ್ತಿನ ಕಾಗದಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಕುಣಿಗಲ್ ಕಡೆಯ ರೈತರು ಬೆರಳು ಗಾತ್ರದ ಕಾಯಿ ತಂದು ಸುರಿಯುತ್ತಾರೆ. ನಾವು ಉಪ್ಪುನೀರಿಗೆ ಹಾಕಿ, ಡ್ರಮ್ಮಿಗೆ ತುಂಬಿ ಚೆನ್ನೈ ಬಂದರಿಗೆ ಕಳಿಸುತ್ತೇವೆ. 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ಬಿದ್ದಾಗ ನಮ್ಮ ಎರಡು ಕಂಟೇನರ್ ರಷ್ಯಾದ ದಾರಿಯಲ್ಲಿದ್ದವು.

ಮಾರ್ಚ್ 1ರಂದು ಮೆರ್ಸ್ಕ್, ಎಂಎಸ್‌ಸಿ ಎಂಬ ದೊಡ್ಡ ಹಡಗು ಕಂಪನಿಗಳೆರಡೂ ರಷ್ಯಾದ ಬುಕಿಂಗ್ ನಿಲ್ಲಿಸಿದವು. ಆಹಾರ, ಔಷಧಕ್ಕೆ ವಿನಾಯಿತಿ. ಸೌತೆ ಆಹಾರವೇ ತಾನೆ, ಬಚಾವಾದೆವು ಅಂದುಕೊಂಡೆ. ಸಿಕ್ಕಿಕೊಂಡದ್ದು ದುಡ್ಡು. ಮಾರ್ಚ್ 12ಕ್ಕೆ ರಷ್ಯಾದ ಏಳು ಬ್ಯಾಂಕುಗಳನ್ನು ಸ್ವಿಫ್ಟ್‌ನಿಂದ, ಅಂದರೆ ದೇಶದೇಶಗಳ ಬ್ಯಾಂಕುಗಳು ಹಣದ ಸಂದೇಶ ಕಳಿಸಿಕೊಳ್ಳುವ ಜಾಲದಿಂದ, ಹೊರಗೆ ಹಾಕಿದರು. ನಮ್ಮ ಗಿರಾಕಿಯ ಬ್ಯಾಂಕು ಆ ಏಳರಲ್ಲಿ ಇರಲಿಲ್ಲ. ಆದರೂ ನಡುವಿನ ಬ್ಯಾಂಕೊಂದು ಹೆದರಿ ಡಾಲರನ್ನು ಹಿಡಿದಿಟ್ಟುಕೊಂಡಿತು. "ಆ ಕಂಪನಿ ನಿಜವಾಗಿ ಯಾರದ್ದು ಅಂತ ಬರೆದುಕೊಡಿ," ಅಂದರು ನಮ್ಮ ಬ್ಯಾಂಕಿನ ಮೇಡಂ.

ಯಾರ ಜೊತೆ ವ್ಯವಹಾರ ಮಾಡಬಾರದು ಅಂತ ಹೇಳುವ ನಿರ್ಬಂಧದ ಪಟ್ಟಿಗಳಿವೆ. ಅಮೆರಿಕದ ನಿಯಮದಲ್ಲಿ, ಪಟ್ಟಿಯಲ್ಲಿರುವವರ ಪಾಲು ಒಟ್ಟು ಶೇ. 50 ಆದರೆ ಸಾಕು, ಕಂಪನಿಯ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೂ ಅದು ನಿರ್ಬಂಧಕ್ಕೆ ಒಳಪಟ್ಟಂತೆಯೇ. ಹಾಗಾಗಿ ಪಾಲುದಾರರ ಹೆಸರೆಲ್ಲ ತರಿಸಿಕೊಂಡು ಅಮೆರಿಕ, ಐರೋಪ್ಯ ಒಕ್ಕೂಟದ ಪಟ್ಟಿಗಳಲ್ಲಿ ಒಂದೊಂದಾಗಿ ಹುಡುಕಿದೆ. ರಷ್ಯನ್ ಹೆಸರನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಒಂದು ಹೆಸರು ತಾಳೆಯಾಗಿಯೇಬಿಟ್ಟಿತು! ಕೈಕಾಲು ತಣ್ಣಗಾದವು. ಉಳಿಸಿದ್ದು ನಡುವಿನ ಹೆಸರು. ಅವರಲ್ಲಿ ಅದು ತಂದೆಯ ಹೆಸರು, ನಮ್ಮ ಇನಿಷಿಯಲ್ ಇದ್ದ ಹಾಗೆ. ತಂದೆ ಬೇರೆ, ಹುಟ್ಟಿದ ತಾರೀಕೂ ಬೇರೆ. ಪಾಸ್‌ಪೋರ್ಟ್ ಪ್ರತಿ ಲಗತ್ತಿಸಿ ಪತ್ರ ಕೊಟ್ಟೆ.

ಜೂನ್ 3ರ ಹೊಸ ಸುತ್ತಿನ ನಿರ್ಬಂಧದಲ್ಲಿ ಒಕ್ಕೂಟ ರಷ್ಯಾದ ದೊಡ್ಡ ಬ್ಯಾಂಕಾದ ಸ್ಬೆರ್‌ಬ್ಯಾಂಕನ್ನೂ ಸ್ವಿಫ್ಟ್‌ನಿಂದ ತೆಗೆಯಲು ತೀರ್ಮಾನಿಸಿತು. ಪಟ್ಟಿಗೂ ಹೊಸ ಹೆಸರುಗಳು ಸೇರಿದವು. ಮತ್ತೆ ಮೊದಲಿನಿಂದ ಹುಡುಕಾಟ. ಆಗ ಕಣ್ಣಿಗೆ ಬಿದ್ದ ಹೆಸರು ಅಜಾತ್‌ಬೆಕ್ ಒಮುರ್‌ಬೆಕೋವ್. ಪಕ್ಕದ ಕಾಲಂನಲ್ಲಿ ಕಾರಣ: ಉಕ್ರೇನಿನ ಬುಚಾ ಪಟ್ಟಣದಲ್ಲಿ ನಾಗರಿಕರ ಕೊಲೆ, ಅತ್ಯಾಚಾರ, ಚಿತ್ರಹಿಂಸೆ. ಆತ ಆಗ ರಷ್ಯಾ ಸೇನೆಯ 64ನೇ ಬ್ರಿಗೇಡಿನ ಕಮಾಂಡರ್. ಅದೇ ಬ್ರಿಗೇಡಿಗೆ ಏಪ್ರಿಲ್ 18ರಂದು ಪುಟಿನ್ 'ಗಾರ್ಡ್ಸ್' ಎಂಬ ಗೌರವ ಕೊಟ್ಟಿದ್ದರು. ನನಗೆ ಆ ಕಾಲಂ ಬೇಕಿರಲಿಲ್ಲ. ಆದರೂ ಅದನ್ನೇ ಎರಡು ಸಲ ಓದಿ, ನನ್ನ ಶೀಟಿನಲ್ಲಿ 'ತಾಳೆ ಇಲ್ಲ' ಅಂತ ಹಾಕಿದೆ.

ಪಟ್ಟಿಗೆ ಸೇರಿದರೆ ಒಕ್ಕೂಟದ ದೇಶಗಳಲ್ಲಿರುವ ಆಸ್ತಿ ಸ್ತಂಭನ, ಅಲ್ಲಿಯವರು ದುಡ್ಡು ಕೊಡುವಂತಿಲ್ಲ, ಪ್ರವೇಶ ಬಂದ್. ಅಷ್ಟೇ. ವಿಚಾರಣೆ ಇಲ್ಲ, ಸಾಕ್ಷಿ ಹೇಳುವ ಕಟಕಟೆ ಇಲ್ಲ. ಅದಿರುವುದು ಹೇಗ್‌ನ ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯದಲ್ಲಿ. 2023ರ ಮಾರ್ಚ್ 17ರಂದು ಅದು ಉಕ್ರೇನಿನ ಮಕ್ಕಳನ್ನು ಅಕ್ರಮವಾಗಿ ರಷ್ಯಾಕ್ಕೆ ಸಾಗಿಸಿದ ಆರೋಪದಲ್ಲಿ ಪುಟಿನ್ ಮೇಲೆ ವಾರಂಟ್ ಹೊರಡಿಸಿತು. ಅದಕ್ಕೆ ಸ್ವಂತ ಪೊಲೀಸರಿಲ್ಲ. ಸದಸ್ಯ ದೇಶಗಳೇ ಹಿಡಿದುಕೊಡಬೇಕು. 2024ರ ಸೆಪ್ಟೆಂಬರಿನಲ್ಲಿ ಪುಟಿನ್ ಮಂಗೋಲಿಯಾಕ್ಕೆ ಹೋದರು, ಸದಸ್ಯ ದೇಶವಾದರೂ ಅದು ಹಿಡಿಯಲಿಲ್ಲ. ಭಾರತ ಅದರ ಸದಸ್ಯನೇ ಅಲ್ಲ. ಇತ್ತ ನಮ್ಮ ಸೌತೆ ದುಡ್ಡನ್ನು ಮಾತ್ರ ಕ್ಷಣದಲ್ಲಿ ಹಿಡಿದಿದ್ದರು.

"ಅಲ್ಲೆಲ್ಲೋ ಗುಂಡು ಹಾರುದ್ರೆ ನಮ್ ಕಾಯ್ ದುಡ್ಡು ಯಾಕಣ್ಣ ನಿಂತೋಯ್ತು?" ಅಂತ ಒಬ್ಬ ರೈತ ತೂಕದ ಮನೆ ಹತ್ತಿರ ಕೇಳಿದ್ದ. ಸ್ವಿಫ್ಟು, ಬುಚಾ ಎಲ್ಲ ಹೇಳಲು ಹೊರಟು ಅರ್ಧಕ್ಕೆ ನಿಲ್ಲಿಸಿದೆ. ಮಾಲೀಕರು ಸಾಲ ಎತ್ತಿ ಬಟವಾಡೆ ಮಾಡಿದರು. ನಮ್ಮ ಬಿಲ್ಲು ತಿಂಗಳುಗಟ್ಟಲೆ ತಡವಾಗಿ, ಕಮಿಷನ್ ಮುರಿದುಕೊಂಡು ಬಂತು.

ಈಗ ರಷ್ಯಾದಿಂದ ಹೊಸ ಗಿರಾಕಿ ಬಂದರೆ ರೇಟು ಮಾತಾಡುವ ಮುಂಚೆ ನಾನು ಕೇಳುವುದು ತಂದೆ ಹೆಸರು.