ಎರಡು ಡಿ.ಓ. ಸೀಟು ಕೈಲಿದ್ದಾಗ: ಸರ್ಜನ್ ಆಗಬೇಕೆನ್ನುವ ಮಕ್ಕಳ ಮನೆಯವರಿಗೆ

ಮಗಳಿಗೆ ಡಿ.ಓ. ಸೀಟು ಸಿಕ್ಕಿತು ಅಂತ ದಾವಣಗೆರೆಗೆ ಫೋನ್ ಮಾಡಿದಾಗ ನಮ್ಮಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲಮ್ಮಾ, ಎಂಬಿಬಿಎಸ್ಸೇ ಇಲ್ದೆ ಕಣ್ಣಿನ ಡಿಪ್ಲೊಮಾ ಹೆಂಗೆ ಕೊಡ್ತಾರೆ?" ಅಂದ. ಊರಿನ ಕಡೆ ಡಾಕ್ಟರ ಬೋರ್ಡಿನ ಮೇಲೆ ಡಿ.ಓ. ಅಂತಿದ್ದರೆ ಅದು ನೇತ್ರ ಚಿಕಿತ್ಸೆಯ ಡಿಪ್ಲೊಮಾ. ಇಂಗ್ಲೆಂಡಿನಲ್ಲಿರುವ ನಾದಿನಿಗೆ ಇನ್ನೊಂದು ಗೊಂದಲ. ಅಲ್ಲಿ ಆಸ್ಟಿಯೋಪಾತ್ ಅಂದರೆ ಬೆನ್ನು, ಕುತ್ತಿಗೆ ನೀವಿ ಸರಿಮಾಡುವವರು, ಎಂಬಿಬಿಎಸ್ ಡಾಕ್ಟರಲ್ಲ. ಅಮೆರಿಕದ ಕಥೆ ಬೇರೆ. ಇಲ್ಲಿ ಡಿ.ಓ. ಅಂದರೆ ಡಾಕ್ಟರ್ ಆಫ್ ಆಸ್ಟಿಯೋಪಥಿಕ್ ಮೆಡಿಸಿನ್. 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್ ಎಂಬ ಸಣ್ಣ ಊರಿನಲ್ಲಿ ಆಂಡ್ರ್ಯೂ ಟೇಲರ್ ಸ್ಟಿಲ್ ಶುರುಮಾಡಿದ ಆಸ್ಟಿಯೋಪಥಿ ಶಾಲೆಯ ಪರಂಪರೆ ಇಂದು ಪೂರ್ತಿ ವೈದ್ಯಕೀಯವೇ ಆಗಿದೆ. ಐವತ್ತೂ ರಾಜ್ಯಗಳಲ್ಲಿ ಎಂ.ಡಿ. (ಇಲ್ಲಿ ಅದು ನಮ್ಮ ಎಂಬಿಬಿಎಸ್ ಥರದ ಮೊದಲ ಪದವಿ) ಮಾಡುವುದನ್ನೆಲ್ಲ ಡಿ.ಓ. ಮಾಡಬಹುದು, ಸರ್ಜರಿಯೂ ಸೇರಿ. ಮೇಲೆ ಓಎಂಎಂ ಅಂತ ಕೈಯಿಂದ ಮೂಳೆ, ಸ್ನಾಯು ನೋಡುವ ಸುಮಾರು 200 ಗಂಟೆಯ ಪಾಠ ಹೆಚ್ಚಿಗೆ. ನೆಂಟರಿಗೆ ಇಷ್ಟು ಹೇಳಿ ಮುಗಿಸಿ. ಹೆಚ್ಚು ವಿವರಿಸಿದಷ್ಟೂ ಅನುಮಾನ ಜಾಸ್ತಿಯಾಗುತ್ತದೆ.

ನಾವು ಒಹಾಯೊಗೆ ಬಂದು ಎರಡು ದಶಕ ದಾಟಿತು. ಮಗಳು 2019ರಲ್ಲಿ ಡಿ.ಓ. ಕಾಲೇಜು ಸೇರಿ, 2023ರಲ್ಲಿ, ಕೊನೆ ವರ್ಷದವರಿಗೆ ಆಸ್ಪತ್ರೆಯ ತರಬೇತಿ ಸೀಟು (ರೆಸಿಡೆನ್ಸಿ) ಹಂಚುವ ಮ್ಯಾಚ್‌ನಲ್ಲಿ ಜನರಲ್ ಸರ್ಜರಿ ಸಿಕ್ಕಿ, ಈಗ ರೆಸಿಡೆಂಟ್. ಅದಕ್ಕೇ ಪ್ರತಿ ವರ್ಷ ಯುಗಾದಿ ಹೊತ್ತಿಗೆ ಕನ್ನಡ ಕೂಟದಲ್ಲಿ ಯಾರಾದರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಕೇಳುತ್ತಾರೆ, "ಎರಡು ಕಡೆ ಸಿಕ್ಕಿದೆ, ಹುಡುಗನಿಗೆ ಸರ್ಜರಿನೇ ಬೇಕಂತೆ. ಯಾವುದಕ್ಕೆ ರ‍್ಯಾಂಕ್ ಜಾಸ್ತಿ?" ಸಿಇಟಿ ಆಪ್ಷನ್ ಎಂಟ್ರಿ ತುಂಬಿದವರ ಅಭ್ಯಾಸ ಅದು. ನಾನೂ ಹಾಗೇ ಕೇಳಿದ್ದೆ. ಡಿ.ಓ. ಕಾಲೇಜುಗಳ ವಿಷಯದಲ್ಲಿ ಆ ಪ್ರಶ್ನೆಯಿಂದ ಏನೂ ಹುಟ್ಟುವುದಿಲ್ಲ.

ನಮ್ಮೂರಲ್ಲಿ ಮೆಡಿಕಲ್ ಕಾಲೇಜು ಅಂದರೆ ಅದರ ಜೊತೆ ಆಸ್ಪತ್ರೆ ಇದ್ದೇ ಇರುತ್ತದೆ. ಬೆಂಗಳೂರು ಮೆಡಿಕಲ್ಲಿಗೆ ವಿಕ್ಟೋರಿಯಾ, ಮೈಸೂರಿಗೆ ಕೆ.ಆರ್. ಆಸ್ಪತ್ರೆ, ನಮ್ಮ ಜೆಜೆಎಂನವರಿಗೆ ಚಿಗಟೇರಿ ಮತ್ತು ಬಾಪೂಜಿ. ಇಲ್ಲಿ ಬಹಳಷ್ಟು ಡಿ.ಓ. ಕಾಲೇಜುಗಳಿಗೆ ಸ್ವಂತ ಆಸ್ಪತ್ರೆ ಇಲ್ಲ. ಮೊದಲ ಎರಡು ವರ್ಷ ಕ್ಯಾಂಪಸ್ಸಿನಲ್ಲಿ ಪಾಠ. ಮೂರನೇ ವರ್ಷದಿಂದ ಮಕ್ಕಳನ್ನು ರೊಟೇಶನ್‌ಗೆ, ಅಂದರೆ ಒಂದೊಂದು ವಿಭಾಗದಲ್ಲಿ ಕೆಲವು ವಾರ ಕಲಿಯುವ ಸರದಿಗೆ, ಒಪ್ಪಂದವಿರುವ ಆಸ್ಪತ್ರೆಗಳಿಗೆ ಹಂಚುತ್ತಾರೆ. ಅದು ಪಕ್ಕದ ಬೀದಿಯೂ ಆಗಬಹುದು, ಪಕ್ಕದ ರಾಜ್ಯವೂ ಆಗಬಹುದು. ಆ ಆಸ್ಪತ್ರೆಯಲ್ಲಿ ಸರ್ಜರಿ ರೆಸಿಡೆನ್ಸಿ ಇದ್ದರೆ ನಿಮ್ಮ ಮಗು ಬೆಳಗಿನ ಜಾವ ರೆಸಿಡೆಂಟ್‌ಗಳ ಹಿಂದೆ ರೌಂಡ್ಸ್ ಹೋಗುತ್ತದೆ, ರೋಗಿಯ ಬಗ್ಗೆ ಹೇಳಿ ಬೈಸಿಕೊಳ್ಳುತ್ತದೆ, ಓ.ಟಿ.ಯಲ್ಲಿ ಹೊಲಿಗೆ ಹಾಕುತ್ತದೆ. ಇಲ್ಲದಿದ್ದರೆ ಒಬ್ಬ ಪ್ರೈವೇಟ್ ಸರ್ಜನ್ ಜೊತೆ ಬಿಡುತ್ತಾರೆ, ಅವರಿಗೆ ಪ್ರಿಸೆಪ್ಟರ್ ಅನ್ನುತ್ತಾರೆ. ಅವರು ಒಳ್ಳೆಯವರಾದರೆ ಕೈಹಿಡಿದು ಕಲಿಸುತ್ತಾರೆ, ಅದೃಷ್ಟ. ಅವರು ಆ ತಿಂಗಳು ರಜೆ ಹಾಕಿದರೆ ಮಗು ಕ್ಲಿನಿಕ್ಕಿನ ಮೂಲೆಯಲ್ಲಿ ಕೂತು ಓದಿಕೊಳ್ಳುತ್ತದೆ.

ಇದು ನನಗೆ ಅರ್ಥವಾದದ್ದು ಎರಡನೇ ಕಾಲೇಜಿಗೆ ಹೋದ ದಿನ. ಮೊದಲನೆಯದು ಮನೆಯಿಂದ ನಲವತ್ತು ನಿಮಿಷ, ಹೊಸ ಕಟ್ಟಡ, ಗಾಜೇ ಗಾಜು. ಸಿಮ್ಯುಲೇಶನ್ ಲ್ಯಾಬಿನಲ್ಲಿ ಕಣ್ಣು ಮಿಟುಕಿಸುವ ಗೊಂಬೆ ಮಲಗಿಸಿದ್ದರು. ನಮ್ಮೆಜಮಾನ್ರು ಅದರ ಮುಂದಿನಿಂದ ಕದಲಲೇ ಇಲ್ಲ, ಮಾತಾಡಿಸುವುದೊಂದು ಬಾಕಿ. ಮಗಳು ಮಾತ್ರ ಕಾಫಿ ಹತ್ತಿರ ಮೂರನೇ ವರ್ಷದ ಹುಡುಗನೊಬ್ಬನನ್ನು ಹಿಡಿದು, ಸರ್ಜರಿ ರೊಟೇಶನ್ನಿನಲ್ಲಿ ಎಷ್ಟು ಸಲ ಸ್ಕ್ರಬ್ ಆದೆ, ಅಂದರೆ ಕೈ ತೊಳೆದು ಆಪರೇಷನ್‌ಗೆ ನಿಂತೆ, ಅಂತ ಕೇಳಿದಳಂತೆ. ಅವನು ಆಚೀಚೆ ನೋಡಿ "ಎರಡು" ಅಂದನಂತೆ. ನಾಲ್ಕು ವಾರಕ್ಕೆ!

ಎರಡನೆಯದು ಐದು ಗಂಟೆಯ ದಾರಿ. ಹಳೇ ಇಟ್ಟಿಗೆ ಕಟ್ಟಡ, ಊಟಕ್ಕೆ ಒಣಗಿದ ಸ್ಯಾಂಡ್‌ವಿಚ್. ನಮ್ಮನ್ನು ಸುತ್ತಾಡಿಸಬೇಕಿದ್ದ ಹುಡುಗಿ ತಡವಾಗಿ, ಆಸ್ಪತ್ರೆಯ ಸ್ಕ್ರಬ್‌ನಲ್ಲೇ ಓಡಿಬಂದಳು. ಅವಳ ಪ್ಯಾಂಟಿನ ಲಾಡಿಯಿಂದ ಒಂದು ಕಪ್ಪು ದಾರ ಇಳಿಬಿದ್ದಿತ್ತು. ಹೊಲಿಗೆ ಬಿಚ್ಚಿದೆ ಪಾಪ, ಪಿನ್ ಕೊಡೋಣ ಅಂತ ನಾನು ಪರ್ಸಿಗೆ ಕೈ ಹಾಕಿದೆ. ಮಗಳು ನನ್ನ ಮೊಣಕೈ ತಿವಿದಳು. ಹತ್ತಿರದಿಂದ ನೋಡಿದರೆ ಅದು ಗಂಟಿನ ಮೇಲೆ ಗಂಟು, ಒಂದೇ ಅಳತೆಯಲ್ಲಿ, ಬೆರಳುದ್ದ. ಸರ್ಜರಿ ಶುರುವಾಗುವುದನ್ನು ಕಾಯುವಾಗ ರೇಷ್ಮೆ ದಾರದಲ್ಲಿ ಒಂದೇ ಕೈಯಲ್ಲಿ ಗಂಟು ಹಾಕುವ ಅಭ್ಯಾಸ ಅದು. ಮೇಲಿನ ರೆಸಿಡೆಂಟ್ ದಿನಾ ಎಣಿಸುತ್ತಾಳೆ ಅಂತ ಆ ಹುಡುಗಿ ನಕ್ಕಳು. ವಾಪಸ್ ಬರುವಾಗ ಕಾರಿನಲ್ಲಿ ಯಾವ ಕಾಲೇಜು ಅಂತ ಯಾರೂ ಮಾತೆತ್ತಲಿಲ್ಲ, ಅದು ತೀರ್ಮಾನವಾಗಿಬಿಟ್ಟಿತ್ತು. ಮುಂದೆ ನಮ್ಮನೆ ಫ್ರಿಜ್ಜಿನ ಹಿಡಿಗೂ ಅದೇ ಜಡೆ ಬಂತು.

ಹಾಗಾಗಿ ಎರಡೂ ಕಾಲೇಜಿಗೆ ಬರಹದಲ್ಲಿ ಕೇಳಿ: ಸರ್ಜರಿಯ ಕೋರ್ (ಕಡ್ಡಾಯ) ರೊಟೇಶನ್ ಯಾವ ಯಾವ ಆಸ್ಪತ್ರೆಯಲ್ಲಿ, ಎಷ್ಟು ವಾರ, ಅಲ್ಲಿ ಸರ್ಜರಿ ರೆಸಿಡೆಂಟ್‌ಗಳಿದ್ದಾರಾ, ಜಾಗ ಲಾಟರಿಯಲ್ಲೋ ನಾವೇ ಆರಿಸುವುದೋ, ಒಪ್ಪಂದ ಮುರಿದರೆ ಏನು ವ್ಯವಸ್ಥೆ. ಕೊನೆಯ ಪ್ರಶ್ನೆ ಕೇಳಲು ಸಂಕೋಚ ಬೇಡ. ನಮ್ಮ ಸ್ನೇಹಿತರ ಮಗನಿಗೆ ರೊಟೇಶನ್ ಶುರುವಾಗುವ ಮೂರು ವಾರ ಮುಂಚೆ ಆಸ್ಪತ್ರೆ ಬದಲಾಯಿತು ಅಂತ ಈಮೇಲ್ ಬಂತು. ಆರು ಗಂಟೆ ದೂರದ ಊರು. ಹಳೇ ಅಪಾರ್ಟ್‌ಮೆಂಟಿನ ಲೀಸ್ ಮುರಿಯಲಾಗದೆ ಎರಡು ಕಡೆ ಬಾಡಿಗೆ ಕಟ್ಟಿದರು.

ಕಾಲೇಜಿಗೇ ಆಸ್ಪತ್ರೆಗಳ ಗಟ್ಟಿ ನಂಟಿರುವ ಕಡೆಗಳೂ ಇವೆ. ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಡಿ.ಓ. ಕಾಲೇಜಿನವರು ಮೂರನೇ ವರ್ಷ ಒಂದೊಂದು ಬೇಸ್ ಆಸ್ಪತ್ರೆಗೆ ಸೇರುತ್ತಾರೆ. ನಮ್ಮ ಒಹಾಯೊ ವಿಶ್ವವಿದ್ಯಾಲಯದ ಹೆರಿಟೇಜ್ ಕಾಲೇಜಿನ ಕ್ಲೀವ್‌ಲ್ಯಾಂಡ್ ಕ್ಯಾಂಪಸ್ 2015ರಲ್ಲಿ ಶುರುವಾದದ್ದೇ ಕ್ಲೀವ್‌ಲ್ಯಾಂಡ್ ಕ್ಲಿನಿಕ್ ಜೊತೆಗೂಡಿ.

ಇನ್ನು ಮ್ಯಾಚ್ ಲಿಸ್ಟ್. ಕಾಲೇಜಿನವರು "ಪ್ಲೇಸ್‌ಮೆಂಟ್ ಶೇ. 99" ಅಂದರೆ ಖುಷಿಪಡಿ, ಆದರೆ ಅಲ್ಲಿಗೇ ನಿಲ್ಲಬೇಡಿ. ಎಲ್ಲೋ ಒಂದು ಕಡೆ ಸೇರಿದವರೆಲ್ಲ ಆ ಲೆಕ್ಕದಲ್ಲಿರುತ್ತಾರೆ. ಮ್ಯಾಚ್ ಆಗದೆ ಆ ವಾರದ ಪರದಾಟದಲ್ಲಿ, ಅಂದರೆ ಸೋಪ್‌ನಲ್ಲಿ, ಸಿಕ್ಕಿದ್ದನ್ನು ಹಿಡಿದವರೂ ಕೂಡ. ದೇಶದ ಒಟ್ಟು ಲೆಕ್ಕ ನೋಡಿದರೆ 2024ರಲ್ಲಿ ಡಿ.ಓ. ಕೊನೆ ವರ್ಷದವರಲ್ಲಿ ಶೇ. 92.3 ಮಂದಿಗೆ ಮ್ಯಾಚ್ ಆಯಿತು, ಎಂ.ಡಿ.ಯವರಲ್ಲಿ ಶೇ. 93.5. ಏನೂ ವ್ಯತ್ಯಾಸವಿಲ್ಲ ಅನ್ನಿಸುತ್ತದೆ. ಸರ್ಜರಿಗೆ ಬಂದಾಗ ಅಂತರ ಕಾಣುತ್ತದೆ. ನ್ಯೂರೋಸರ್ಜರಿ, ಪ್ಲಾಸ್ಟಿಕ್ ಕಡೆ ಇನ್ನೂ ಜಾಸ್ತಿ.

ಲಿಸ್ಟಿನಲ್ಲಿ "ಜನರಲ್ ಸರ್ಜರಿ" ಅಂತ ಕಂಡರೆ ಅದು ಕ್ಯಾಟಗಾರಿಕಲ್ಲೋ ಪ್ರಿಲಿಮಿನರಿಯೋ ಅಂತ ಕೇಳಲೇಬೇಕು. ಕ್ಯಾಟಗಾರಿಕಲ್ ಅಂದರೆ ಐದು ವರ್ಷದ ಪೂರ್ತಿ ಸೀಟು, ಮುಗಿಸಿದರೆ ಸರ್ಜನ್. ಪ್ರಿಲಿಮ್ ಅಂದರೆ ಒಂದು ವರ್ಷದ್ದು. ಅಷ್ಟೇ ರಾತ್ರಿ ಪಾಳಿ, ಅಷ್ಟೇ ದುಡಿತ, ಮುಂದಿನ ವರ್ಷ ಮತ್ತೆ ಹುಡುಕಾಟ. ಕೆಲವು ಲಿಸ್ಟುಗಳಲ್ಲಿ ಆ ಒಂದು ಪದವನ್ನೇ ಬಿಟ್ಟಿರುತ್ತಾರೆ. ಬರೀ ಒಂದು ವರ್ಷದ್ದಲ್ಲ, ನಾಲ್ಕೈದು ವರ್ಷದ ಲಿಸ್ಟ್ ತರಿಸಿ, ಪ್ರತಿ ಬ್ಯಾಚಿನಲ್ಲಿ ಎಷ್ಟು ಮಕ್ಕಳಿದ್ದರು ಅಂತಲೂ ನೋಡಿ. 150 ಜನರಲ್ಲಿ ಎಂಟು ಸರ್ಜರಿಗೂ 300ರಲ್ಲಿ ಎಂಟಕ್ಕೂ ವ್ಯತ್ಯಾಸವಿದೆ. ಇನ್ನೂ ಮೊದಲ ಬ್ಯಾಚೇ ಹೊರಬರದ ಕಾಲೇಜಾದರೆ ಲಿಸ್ಟೇ ಇರುವುದಿಲ್ಲ. ನನ್ನ ಮಗುವನ್ನು ಪ್ರಯೋಗಕ್ಕೆ ಕೊಡೋದಿಲ್ಲ ಅಂತ ನಾನಂತೂ ಹೇಳುತ್ತೇನೆ. ಬೇರೆಯವರಿಗೆ ಬೇರೆ ಧೈರ್ಯ ಇರಬಹುದು.

ಪರೀಕ್ಷೆ. ಡಿ.ಓ. ಮಕ್ಕಳಿಗೆ ಕಾಮ್ಲೆಕ್ಸ್ ಎಂಬ ಲೈಸೆನ್ಸ್ ಪರೀಕ್ಷೆ ಕಡ್ಡಾಯ. ಸರ್ಜರಿ ಬೇಕೆನ್ನುವವರು ಎಂ.ಡಿ.ಗಳು ಬರೆಯುವ ಯುಎಸ್‌ಎಂಎಲ್ಇಯನ್ನೂ ಬರೆಯುವುದೇ ಕ್ಷೇಮ. ಮಗಳ ಕಾಲಕ್ಕೆ ಅದರ ಮೊದಲ ಹಂತವಾದ ಸ್ಟೆಪ್ 1ಕ್ಕೆ ಮಾರ್ಕ್ಸ್ ಇತ್ತು. 2022ರಿಂದ ಸ್ಟೆಪ್ 1, ಕಾಮ್ಲೆಕ್ಸ್ ಲೆವೆಲ್ 1 ಎರಡೂ ಬರೀ ಪಾಸ್-ಫೇಲ್. ಹಾಗಾಗಿ ಈಗ ಭಾರವೆಲ್ಲ ಸ್ಟೆಪ್ 2ರ ಮೇಲೆ. ಎರಡೆರಡು ಪರೀಕ್ಷೆಗೆ ಓದಲು ಕಾಲೇಜು ಎಷ್ಟು ವಾರ ಬಿಡುವು ಕೊಡುತ್ತದೆ ಅನ್ನುವುದನ್ನು ಹಿರಿಯ ವಿದ್ಯಾರ್ಥಿಗಳ ಬಾಯಿಂದಲೇ ಕೇಳಿ.

ನಾಲ್ಕನೇ ವರ್ಷದ್ದು ಇದಕ್ಕಿಂತ ಮುಖ್ಯ, ಆದರೆ ಯಾರೂ ಕೇಳುವುದಿಲ್ಲ. ರೆಸಿಡೆನ್ಸಿ ಅರ್ಜಿಗಳು ಪ್ರೋಗ್ರಾಂಗಳ ಕೈಗೆ ಹೋಗುವುದು ಸೆಪ್ಟೆಂಬರ್ ಕೊನೆಗೆ. ಅದಕ್ಕೂ ಮುಂಚಿನ ತಿಂಗಳುಗಳಲ್ಲಿ ಮಕ್ಕಳು ತಾವು ಸೇರಬಯಸುವ ಆಸ್ಪತ್ರೆಗಳಿಗೆ ಹೋಗಿ ನಾಲ್ಕು ನಾಲ್ಕು ವಾರ ದುಡಿದು ತೋರಿಸುತ್ತಾರೆ. ಇದಕ್ಕೆ ಆಡಿಷನ್ ರೊಟೇಶನ್ ಅನ್ನುತ್ತಾರೆ, ಹೆಸರೇ ಹೇಳುವ ಹಾಗೆ. ಹೆಣ್ಣು ನೋಡುವ ಶಾಸ್ತ್ರ ಒಂದು ತಿಂಗಳು ಎಳೆದ ಹಾಗೆ ಅಂತ ನಮ್ಮತ್ತೆಗೆ ವಿವರಿಸಿದ್ದೆ. ಒಂದೇ ವ್ಯತ್ಯಾಸ, ಇಲ್ಲಿ ಉಪ್ಪಿಟ್ಟು, ಕೇಸರಿಬಾತ್ ಇರುವುದಿಲ್ಲ. ಕೆಲವು ಕಾಲೇಜುಗಳು ಜುಲೈನಿಂದ ಸೆಪ್ಟೆಂಬರ್‌ವರೆಗೆ ಕಡ್ಡಾಯ ರೊಟೇಶನ್‌ಗಳನ್ನು ತುರುಕಿಬಿಡುತ್ತವೆ. ಹಾಗಾದರೆ ಆಡಿಷನ್‌ಗೆ ಜಾಗವೆಲ್ಲಿ? ಆರ್ಥೋ ಬೇಕೆನ್ನುವ ಮಗುವಿಗಂತೂ ಇದೊಂದೇ ಕಾರಣಕ್ಕೆ ಆ ಕಾಲೇಜು ಬೇಡ ಅಂದುಬಿಡಬಹುದು.

ಕಂಪ್ಯೂಟರ್ ಮುಂದೆ ಕೂತು ಮಾಡುವ ಒಂದು ಕೆಲಸವಿದೆ, ತಂದೆ ತಾಯಿಗಳೂ ಮಾಡಬಹುದು. ಕಾಲೇಜಿನ ಸುತ್ತಮುತ್ತಲ ಸರ್ಜರಿ ರೆಸಿಡೆನ್ಸಿಗಳ ಪುಟ ತೆಗೆಯಿರಿ. ರೆಸಿಡೆಂಟ್‌ಗಳ ಫೋಟೋ ಕೆಳಗೆ ಎಂ.ಡಿ.ಯೋ ಡಿ.ಓ.ಯೋ ಅಂತ ಬರೆದಿರುತ್ತದೆ, ಎಷ್ಟೋ ಕಡೆ ಯಾವ ಕಾಲೇಜು ಅಂತಲೂ. ಎಣಿಸಿ. ನಾನು ಕೂಟದ ದೀಪಾವಳಿ ಕರಪತ್ರದ ಹಿಂಭಾಗದಲ್ಲಿ ಗೆರೆ ಎಳೆದು ಎಣಿಸಿದ್ದೆ. ಮೊದಲು ಡಿ.ಓ.ಗಳಿಗೆ ಪ್ರತ್ಯೇಕ ರೆಸಿಡೆನ್ಸಿಗಳಿದ್ದವು. 2015ರಿಂದ 2020ರೊಳಗೆ ಎಲ್ಲವೂ ಒಂದೇ ಮಾನ್ಯತೆಯ ಕೆಳಗೆ ಬಂದವು. ಮಿಶಿಗನ್, ಒಹಾಯೊ, ಪೆನ್ಸಿಲ್ವೇನಿಯಾದ ಆ ಹಳೇ ಡಿ.ಓ. ಪ್ರೋಗ್ರಾಂಗಳಲ್ಲಿ ಇವತ್ತಿಗೂ ನಮ್ಮ ಮಕ್ಕಳ ಅರ್ಜಿಯನ್ನು ಪದವಿ ನೋಡಿಯೇ ಪಕ್ಕಕ್ಕಿಡುವುದಿಲ್ಲ.

ದುಡ್ಡಿನ ಮಾತು ಚಿಕ್ಕದಾಗಿ. 2026ರ ಜುಲೈ 1ರಿಂದ ಹೊಸದಾಗಿ ಸಾಲ ತೆಗೆಯುವವರಿಗೆ ಗ್ರ್ಯಾಡ್ ಪ್ಲಸ್ ಎಂಬ ಸರ್ಕಾರಿ ಸಾಲ ಇಲ್ಲ. ವೈದ್ಯಕೀಯಕ್ಕೆ ಸರ್ಕಾರಿ ಸಾಲ ವರ್ಷಕ್ಕೆ 50,000 ಡಾಲರ್, ಒಟ್ಟು 2,00,000. ಖಾಸಗಿ ಡಿ.ಓ. ಕಾಲೇಜಿನ ಫೀಸೇ ಅದನ್ನು ನುಂಗಬಹುದು, ಬಾಡಿಗೆಗೆ ಬೇರೆ ದಾರಿ ನೋಡಬೇಕು. ಹಾಗಂತ ಬರೀ ಫೀಸು ಕಡಿಮೆ ಅಂತ ಹೋಗಿ ಆಸ್ಪತ್ರೆಯಲ್ಲಿ ಸೋಲಬೇಡಿ. ಫೀಸೂ ಕಡಿಮೆ, ಆಸ್ಪತ್ರೆಯೂ ಗಟ್ಟಿ ಅನ್ನುವ ಸರ್ಕಾರಿ ಡಿ.ಓ. ಸೀಟು ಸಿಕ್ಕಿದ್ದರೆ ನೀವು ಈ ಬರಹ ಓದುವ ಅಗತ್ಯವೇ ಇರಲಿಲ್ಲ. ಮಗು ಇನ್ನೂ ಎಚ್-4ನಲ್ಲಿದ್ದರೆ, ಅಂದರೆ ಅಪ್ಪ ಅಮ್ಮನ ಕೆಲಸದ ವೀಸಾಕ್ಕೆ ಅಂಟಿದ ವೀಸಾದಲ್ಲಿದ್ದರೆ, ಆ ಸರ್ಕಾರಿ ಸಾಲವೂ ಇಲ್ಲ, 21 ತುಂಬಿದರೆ ಎಚ್-4 ಕೂಡ ಇಲ್ಲ. ಗ್ರೀನ್ ಕಾರ್ಡ್ ಇಲ್ಲದವರನ್ನು ತೆಗೆದುಕೊಳ್ಳದ ಕಾಲೇಜುಗಳು ಬಹಳ ಇವೆ, ಅದನ್ನು ಅರ್ಜಿಗೂ ಮುಂಚೆ ಕೇಳಿಕೊಳ್ಳಿ.

ಡೆಪಾಸಿಟ್ ಕಟ್ಟಿದರೆ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಕಟ್ಟುವ ಮುಂಚೆ ಕ್ಯಾಂಪಸ್ ಇರುವ ಊರಿಗಲ್ಲ, ರೊಟೇಶನ್ ಆಸ್ಪತ್ರೆ ಇರುವ ಊರಿಗೆ ಒಂದು ಸಲ ಹೋಗಿಬನ್ನಿ, ಸಾಧ್ಯವಾದರೆ ಹಿಮ ಬೀಳುವ ಕಾಲದಲ್ಲಿ. ನಾವು ಹೋದಾಗ ಸೋನಾ ಮಸೂರಿ ಸಿಗುವ ಅಂಗಡಿ ಎಷ್ಟು ದೂರ ಅಂತ ನಾನು ನೋಡುತ್ತಿದ್ದೆ. ಮಗಳು ಅಪಾರ್ಟ್‌ಮೆಂಟಿನಿಂದ ಆಸ್ಪತ್ರೆವರೆಗೆ ಎರಡೆರಡು ಸಲ ಕಾರು ಓಡಿಸಿ, ನಡುವೆ ರೈಲ್ವೆ ಗೇಟ್ ಇದೆ, ಈ ಮನೆ ಬೇಡ ಅಂದಳು. ಬೆಳಿಗ್ಗೆ ನಾಲ್ಕೂವರೆಗೆ ಗೂಡ್ಸ್ ಗಾಡಿ ಅಡ್ಡ ನಿಂತರೆ ರೌಂಡ್ಸ್‌ಗೆ ತಡವಾಗುತ್ತದಂತೆ.