ವಿನ್ನೆಬಾಗೊ ಮಂಜಿನ ಮೇಲೆ ಸ್ಟರ್ಜನ್ ಬೇಟೆ: ಲೈಸೆನ್ಸಿನಿಂದ ತಕ್ಕಡಿಯವರೆಗೆ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ವಿನ್ನೆಬಾಗೊ ಸರೋವರ ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ. ಫೆಬ್ರುವರಿಯ ಎರಡನೇ ಶನಿವಾರ ಬಂತೆಂದರೆ ಅದರ ಮೇಲೆ ಸಾವಿರಾರು ಪುಟ್ಟ ಗುಡಿಸಲುಗಳು. ಒಳಗಿರುವವರು ಈಟಿ ಹಿಡಿದು ಸ್ಟರ್ಜನ್ ಮೀನಿಗಾಗಿ ಕಾಯುತ್ತಾರೆ. ಈ ನೆಲದ ಮೂಲನಿವಾಸಿಗಳಾದ ಮೆನೋಮಿನಿ ಜನರಿಗೆ ತಲೆಮಾರುಗಳಿಂದ ಅನ್ನವಾಗಿದ್ದ ಮೀನಿದು. ಮಿತಿಮೀರಿ ಹಿಡಿದು ಸಂತತಿ ಕುಸಿದಾಗ 1915ರಲ್ಲಿ ಸ್ಟರ್ಜನ್ ಹಿಡಿಯುವುದನ್ನೇ ನಿಲ್ಲಿಸಲಾಯಿತು. ಈಟಿ ಬೇಟೆ ಮತ್ತೆ ಶುರುವಾದದ್ದು 1932ರಲ್ಲಿ.

ಮೊದಲ ಕೆಲಸ ಲೈಸೆನ್ಸ್. ಅಕ್ಟೋಬರ್ 31ರೊಳಗೆ ಕೊಳ್ಳಬೇಕು. ಮಂಜು ಚೆನ್ನಾಗಿ ಕಟ್ಟಿದೆ ಎಂದು ಜನವರಿಯಲ್ಲಿ ಹೊರಟರೆ ಆಗದು. ಒಬ್ಬರಿಗೆ ಒಂದೇ ಮೀನು, ಅದೂ 36 ಇಂಚಿಗೆ ಕಡಿಮೆಯಿರಕೂಡದು. ಮೇಲ್ದಂಡೆಯ ಪಾಯ್ಗನ್, ವಿನ್ನೆಕೊನಿ, ಬ್ಯೂಟ್ ಡಿಮೋರ್ ಕೆರೆಗಳು ಆಳ ಕಡಿಮೆ, ಮೀನು ಸುಲಭಕ್ಕೆ ಸಿಗುತ್ತದೆ. ಅದಕ್ಕೇ ಅಲ್ಲಿ ಲಾಟರಿ ಎತ್ತಿ ಪರವಾನಗಿ ಕೊಡುತ್ತಾರೆ.

ಮಂಜಿನ ದಪ್ಪವನ್ನು ಸರ್ಕಾರ ಖಾತರಿಪಡಿಸುವುದಿಲ್ಲ. ಸ್ಥಳೀಯ ಮೀನುಗಾರರ ಕ್ಲಬ್‌ಗಳು ಹಳೆಯ ಕ್ರಿಸ್‌ಮಸ್ ಮರಗಳನ್ನು ನೆಟ್ಟು ದಾರಿ ಗುರುತಿಸಿ, ಬಿರುಕುಗಳಿಗೆ ಸೇತುವೆ ಹಾಕುತ್ತವೆ. ಆ ದಾರಿ ಬಿಡಬೇಡಿ.

ರಂಧ್ರ ಕೊರೆಯಲು ಅನುಮತಿ ಸಿಗುವುದು ಆರಂಭಕ್ಕೆ 48 ಗಂಟೆ ಮೊದಲು. ಗರಿಷ್ಠ ಅಳತೆ 48 ಚದರ ಅಡಿ, ಆದರೆ 4×6 ಅಡಿ ಧಾರಾಳ ಸಾಕು. ಉದ್ದ ಬ್ಲೇಡಿನ ಚೈನ್ ಗರಗಸವನ್ನು ತುಸು ಓರೆ ಹಿಡಿದು, ರಂಧ್ರ ಕೆಳಗೆ ಅಗಲವಾಗುವಂತೆ ಕೊಯ್ಯಿರಿ. ಒಂದೂವರೆ ಅಡಿ ದಪ್ಪದ ಮಂಜಿನಲ್ಲಿ ಆ ತುಂಡು ಸುಮಾರು 900 ಕೆ.ಜಿ. ತೂಗುತ್ತದೆ. ಎತ್ತುವ ಸಾಹಸ ಬೇಡ. ಒಂದು ಅಂಚನ್ನು ಕೋಲುಗಳಿಂದ ಅದುಮಿ ಪಕ್ಕದ ಮಂಜಿನ ಅಡಿಗೆ ತಳ್ಳಿಬಿಡಿ. ನೇರವಾಗಿ ಕೊಯ್ದರೆ ತುಂಡು ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಗುಡಿಸಲನ್ನು ರಂಧ್ರದ ಮೇಲೆ ಕೂರಿಸಿ, ಬುಡದ ಸಂದುಗಳಿಗೆ ಹಿಮ ತುಂಬಿ. ಒಳಗೆ ಗಾಢ ಕತ್ತಲಿದ್ದರೆ ಮಂಜಿನಡಿಯಿಂದ ಬರುವ ಬೆಳಕಿನಲ್ಲಿ ನೀರೇ ಹಸಿರಾಗಿ ಬೆಳಗುತ್ತದೆ. ಎಲ್ಲೋ ಒಂದು ಸಂದಿನಿಂದ ಬೆಳಕು ನುಸುಳಿದರೂ ನೀರಿನ ಮೇಲ್ಮೈ ಕನ್ನಡಿಯಾಗಿ ನಿಮ್ಮ ಮುಖವಷ್ಟೇ ಕಾಣುತ್ತದೆ. ತಳಕ್ಕೆ ಬಿಳಿ ಪೈಪ್ ಇಳಿಬಿಡಿ, ಆಮೇಲೆ ಎಳೆದುಕೊಳ್ಳಲು ಹಗ್ಗ ಕಟ್ಟಿರಲಿ. ಕಪ್ಪು ಮೀನು ಅದರ ಮೇಲೆ ಹಾದಾಗ ಬಿಳಿ ಗೆರೆ ತುಂಡಾದಂತೆ ಕಾಣುತ್ತದೆ. ಪೈಪ್ 3 ಅಡಿಯದಾಗಿದ್ದರೆ ಮೀನಿನ ಉದ್ದವೂ ಅಂದಾಜಾಗುತ್ತದೆ. ಮರದಲ್ಲಿ ಕೆತ್ತಿ ಬಣ್ಣ ಹಚ್ಚಿದ, ಕೊಕ್ಕೆಯಿಲ್ಲದ ಹುಸಿಮೀನನ್ನು ನೀರಿನ ನಡುವೆ ತೂಗುಬಿಡಿ. ಸ್ಟರ್ಜನ್ ಕುತೂಹಲದ ಮೀನು, ನೋಡಲು ಬರುತ್ತದೆ.

ಈಟಿಯ ತಲೆಯಲ್ಲಿ ಸಾಮಾನ್ಯವಾಗಿ ಐದು ಮುಳ್ಳುಮೊನೆಗಳಿದ್ದು, ಹಿಡಿಕೆಯಿಂದ ಕಳಚಿಕೊಳ್ಳುವಂತಿರುತ್ತದೆ. ಹಗ್ಗ ಕಟ್ಟಿರುವುದು ತಲೆಗೆ. ಮೊನೆ ನೀರೊಳಗೇ ಇರುವಂತೆ ಮೊಳೆಗೆ ತೂಗುಹಾಕಿ, ಎತ್ತುವಾಗ ಸದ್ದಾಗಬಾರದು. ಮೀನು ಓರೆಯಲ್ಲಿದ್ದಾಗ ಹೊಡೆದರೆ ಗುರಿ ತಪ್ಪುತ್ತದೆ. ಅದು ಕಣ್ಣಿನ ನೇರಕ್ಕೆ ಬಂದಾಗ ತಲೆಯ ಹಿಂದಿನ ಬೆನ್ನಿಗೆ ಗುರಿಯಿಟ್ಟು, ಎಸೆಯದೆ, ನೆಟ್ಟಗೆ ಇಳಿಬಿಡಿ. ಭಾರವೇ ಕೆಲಸ ಮಾಡುತ್ತದೆ. ಹಗ್ಗದ ಸುರುಳಿ ಕಾಲ ಬಳಿ ಇರಲೇಕೂಡದು. 2010ರಲ್ಲಿ ಸಿಕ್ಕ ದಾಖಲೆ ಮೀನು 212.2 ಪೌಂಡ್ ಇತ್ತು, ಅಂದರೆ 96 ಕೆ.ಜಿ.

ಬೇಟೆಯ ಹೊತ್ತು ಬೆಳಗ್ಗೆ 7ರಿಂದ ಮಧ್ಯಾಹ್ನ 1ರವರೆಗೆ. ಹಿಡಿದ ಕೂಡಲೇ ಟ್ಯಾಗ್ ಕಟ್ಟಿ, ಮೀನನ್ನು ಕೊಯ್ಯದೆ ಅದೇ ದಿನ ನೋಂದಣಿ ಕೇಂದ್ರಕ್ಕೆ ಒಯ್ಯಬೇಕು. ಅಲ್ಲಿ ಉದ್ದ, ತೂಕ, ಲಿಂಗ, ಬಲಿತಿದೆಯೇ ಇಲ್ಲವೇ ಎಲ್ಲ ಬರೆದುಕೊಳ್ಳುತ್ತಾರೆ. ಮಿಲ್ವಾಕಿ, ಶಿಕಾಗೊ ಕಡೆಯ ಕನ್ನಡಿಗರು ಈ ತಕ್ಕಡಿಯ ಸುತ್ತಲ ಜಾತ್ರೆಯನ್ನು ಒಮ್ಮೆ ನೋಡಬೇಕು. ನೋಡಲು ಲೈಸೆನ್ಸ್ ಬೇಡ.

ಇಡೀ ವ್ಯವಸ್ಥೆಯ ಜೀವ ಈ ಲೆಕ್ಕದಲ್ಲೇ ಇದೆ. ಹೆಣ್ಣು ಸ್ಟರ್ಜನ್ ಮೊದಲ ಸಲ ಮೊಟ್ಟೆಯಿಡಲು ಇಪ್ಪತ್ತು ವರ್ಷಕ್ಕೂ ಹೆಚ್ಚು ಬೇಕು, ಅನಂತರವೂ ಮೂರರಿಂದ ಐದು ವರ್ಷಕ್ಕೊಮ್ಮೆ ಮಾತ್ರ ಇಡುತ್ತದೆ. ಬೇಟೆಗಾರರ ಕಣ್ಣಿಗೆ ಬೀಳುವುದೂ ದೊಡ್ಡ ಹೆಣ್ಣುಗಳೇ. ಹಾಗಾಗಿ ಬಲಿಯದ ಹೆಣ್ಣು, ಬಲಿತ ಹೆಣ್ಣು, ಗಂಡು ಎಂದು ಮೂರು ಗುಂಪಿಗೆ ಪ್ರತ್ಯೇಕ ಮಿತಿ. ಯಾವುದೇ ಒಂದು ಗುಂಪು ತನ್ನ ಮಿತಿಯ ಶೇ 90 ಮುಟ್ಟಿದರೆ ಮರುದಿನವೇ ಕೊನೆ. ಶೇ 100 ಮುಟ್ಟಿದರೆ ಅಂದೇ ಮುಕ್ತಾಯ. ಹೆಸರಿಗೆ 16 ದಿನಗಳಿದ್ದರೂ ನೀರು ತಿಳಿಯಾಗಿದ್ದ ವರ್ಷಗಳಲ್ಲಿ ಬೇಟೆ ಮೊದಲ ವಾರದಲ್ಲೇ ಮುಗಿದದ್ದುಂಟು. ಕದಡಿದ್ದರೆ ಹೆಚ್ಚಿನವರು ಬರಿಗೈಲಿ ಮರಳುತ್ತಾರೆ.

ಹೊರಡುವಾಗ ರಂಧ್ರದ ಬದಿಯಲ್ಲಿ ಎತ್ತರದ ಮರದ ಪಟ್ಟಿಗಳನ್ನು ನಿಲ್ಲಿಸುವುದು ಕಡ್ಡಾಯ. ರಾತ್ರಿ ತೆಳುಪದರ ಕಟ್ಟಿ ಮೇಲೆ ಹಿಮ ಬಿದ್ದರೆ, ಸ್ನೋಮೊಬೈಲ್‌ನಲ್ಲಿ ಬರುವವರಿಗೆ ಅಲ್ಲೊಂದು ಗುಂಡಿಯಿದೆ ಎಂದು ಬೇರೆ ಯಾವುದರಿಂದಲೂ ತಿಳಿಯದು.